ಮೊಳಕಾಲು ಉಳಿದಿದೆಯಾ?

ಕೃತಕ ಕಾಲು ಮಾಡುವವರ ಮೊದಲ ಪ್ರಶ್ನೆ ಎಲ್ಲ ಕಡೆಯೂ ಒಂದೇ: ಮೊಳಕಾಲು ಉಳಿದಿದೆಯಾ? ಕಾಲು ಮೊಳಕಾಲಿನ ಕೆಳಗೆ ಹೋಗಿದ್ದರೆ ಮನುಷ್ಯ ಬೇಗ ನಡೆದಾನು. ಮೇಲೆ ಹೋಗಿದ್ದರೆ ಕೀಲು ಬೇಕು, ಬೆಲ್ಟು ಬೇಕು, ಎರಡರಷ್ಟು ತಾಳ್ಮೆ ಬೇಕು. ಮೊಳಕಾಲ್ಮೂರಿನ ನನ್ನ ಸೋದರಮಾವನನ್ನು ಹೀಗೆ ಕೇಳಿದಾಗ ಅವರು, "ಐತಪ್ಪ, ನಮ್ಮೂರ ಹೆಸರಾಗೇ ಐತಲ್ಲ ಅದು, ಎಲ್ಲಿಗೋಗ್ತೈತೆ" ಅಂದರು. ಊರ ಹೆಸರಿನ ನಿಜವಾದ ಮೂಲ ಪಂಡಿತರಿಗಿರಲಿ, ಮಾವನ ಜೋಕು ಮಾತ್ರ ಶಿಬಿರದಲ್ಲೆಲ್ಲ ಓಡಾಡಿತು.

ಮಾವ ರೇಷ್ಮೆ ಸೀರೆ ನೇಯುವವರು. ಗುಂಡಿಮಗ್ಗದಲ್ಲಿ ಕೂತವನಿಗೆ ಕೈಗಿರುವಷ್ಟೇ ಕೆಲಸ ಕಾಲಿಗೂ ಇರುತ್ತದೆ. ಸಕ್ಕರೆ ಕಾಯಿಲೆ ಅವರ ಬಲಗಾಲನ್ನು ತೆಗೆದುಕೊಂಡಿತು. ಚಳ್ಳಕೆರೆಯ ಶಿಬಿರಕ್ಕೆ ನಾನೇ ಬಸ್ಸು ಹತ್ತಿಸಿಕೊಂಡು ಹೋಗಿದ್ದೆ. ಇಲ್ಲದ ಕಾಲಿನ ಹೆಬ್ಬೆರಳು ಕೆರೆಯುತ್ತದೆ ಎಂದು ಅವರು ಆಗಾಗ ಹೇಳುತ್ತಿದ್ದರು. ಅದಕ್ಕೆ ಅತ್ತೆ ಹರಕೆ ಹೊತ್ತರೆ ಮೊಮ್ಮಕ್ಕಳು ನಗುತ್ತಿದ್ದವು. ಅಳತೆ ತೆಗೆಯುತ್ತಿದ್ದ ಹುಡುಗನಿಗೆ ಅದನ್ನೇ ಅಳುಕುತ್ತ ಹೇಳಿದರು. ಅವನು ಪ್ಲಾಸ್ಟರ್ ಮೆತ್ತಿದ ಕೈಯಲ್ಲೇ ತನ್ನ ಪ್ಯಾಂಟು ಮೇಲೆತ್ತಿದ. ಒಳಗೆ ಕಂದು ಬಣ್ಣದ ಪ್ಲಾಸ್ಟಿಕ್ ಕಾಲು. "ನಂಗೆ ಹಿಮ್ಮಡಿ ಯಜಮಾನ್ರೇ. ರಾತ್ರಿ ಹೊತ್ತು ಜಾಸ್ತಿ." ಆಮೇಲೆ ಮಾವ ಅವನು ಹೇಳಿದ್ದನ್ನೆಲ್ಲ ಕೇಳಿದರು. ವೈದ್ಯರ ಮಾತನ್ನು ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ.

ಅವರಿಗೆ ಸಿಕ್ಕಿದ್ದು ಜೈಪುರ ಪಾದ. 1968ರಲ್ಲಿ ಜೈಪುರದ ಸವಾಯಿ ಮಾನ್‌ಸಿಂಗ್ ಆಸ್ಪತ್ರೆಯ ಶಸ್ತ್ರವೈದ್ಯ ಪಿ.ಕೆ. ಸೇಠಿ ಮತ್ತು ಹೆಚ್ಚು ಓದಿರದ ಕುಶಲಕರ್ಮಿ ರಾಮಚಂದ್ರ ಶರ್ಮಾ ಸೇರಿ ರೂಪಿಸಿದ್ದು. ಅದನ್ನು ತೊಟ್ಟು ಕುಕ್ಕರುಗಾಲಲ್ಲಿ ಕೂರಬಹುದು, ಬೂಟಿಲ್ಲದೆ ಶೇಂಗಾ ಹೊಲಕ್ಕೂ ಇಳಿಯಬಹುದು. ಅಫ್ಘಾನಿಸ್ತಾನದಲ್ಲಿ ನೆಲಬಾಂಬಿಗೆ ಸಿಕ್ಕ ಎಷ್ಟೋ ಜನ ಇದನ್ನು ತೊಟ್ಟಿದ್ದಾರೆಂದು ಓದಿದ ಮೇಲೆ ನನ್ನ ಗಮನ ಆ ದೇಶದ ಕಡೆ ಹೊರಳಿತು.

ಆ ಸೀಮೆ ಮೊಳಕಾಲ್ಮೂರಿಗೆ ತೀರ ಹೊಸದೇನಲ್ಲ. ನಮ್ಮ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕನ ಶಾಸನ ಬರೆದ ಚಪಡ, ಕೊನೆಯಲ್ಲಿ ತನ್ನ ಕಸುಬನ್ನು ಹೇಳುವ ಪದವನ್ನಷ್ಟೇ ಗಾಂಧಾರದ ಕಡೆಯ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಕಂದಹಾರದಲ್ಲಿ ಅದೇ ಅಶೋಕ ಕಳಿಂಗದ ಲೆಕ್ಕವನ್ನು ಗ್ರೀಕಿನಲ್ಲಿ ಕೆತ್ತಿಸಿದ: ಸೆರೆಯಾದವರು 1,50,000, ಕೊಲ್ಲಲ್ಪಟ್ಟವರು 1,00,000. ಕೈಯೋ ಕಾಲೋ ಕಳೆದುಕೊಂಡು ಊರಿಗೆ ಮರಳಿದವರ ಲೆಕ್ಕ ಅದರಲ್ಲಿಲ್ಲ.

ಅಂಥವರ ಲೆಕ್ಕ ಇಟ್ಟದ್ದು ಕಾಬೂಲಿನ ಒಂದು ಕಾರ್ಯಾಗಾರ. ಅಂತರರಾಷ್ಟ್ರೀಯ ರೆಡ್‌ಕ್ರಾಸ್ ಸಮಿತಿ 1988ರಲ್ಲಿ ತೆರೆದದ್ದು. ವಕೀಲಿಕೆ ಬಿಟ್ಟು ಫಿಸಿಯೋಥೆರಪಿ ಕಲಿತ ಇಟಲಿಯ ಆಲ್ಬರ್ಟೊ ಕೈರೊ 1990ರಲ್ಲಿ ಅಲ್ಲಿಗೆ ಹೋದರು. ಕಾಲು ಕಟ್ಟಿಸಿಕೊಳ್ಳಲು ಬಂದವರನ್ನೇ ಕೆಲಸಕ್ಕೆ ತೆಗೆದುಕೊಳ್ಳುವ ರೂಢಿ ಅಲ್ಲಿ ಬೆಳೆಯಿತು. ಈಗ ಅಲ್ಲಿ ಬಡಗಿಯಿಂದ ಫಿಸಿಯೋಥೆರಪಿಸ್ಟ್‌ವರೆಗೆ ಬಹುತೇಕ ಎಲ್ಲರೂ ಒಂದು ಕಾಲದ ರೋಗಿಗಳೇ. ಬರುವವರಲ್ಲಿ ಮುಜಾಹಿದ್ದೀನ್, ಅವರ ವಿರುದ್ಧ ಹೋರಾಡಿದ ಸರ್ಕಾರಿ ಸೈನಿಕ, ತಾಲಿಬಾನಿ, ಕುರಿ ಕಾಯಲು ಹೋಗಿ ನೆಲಬಾಂಬು ತುಳಿದ ಹುಡುಗ, ಎಲ್ಲರೂ ಇದ್ದಾರೆ.

ಈ ಕೆಲಸವನ್ನು ದೂರದಲ್ಲಿ ನಿಂತು ಮಾಡಲಾಗುವುದಿಲ್ಲ. ಉಳಿದ ಮೊಂಡನ್ನು ಎರಡೂ ಅಂಗೈಯಲ್ಲಿ ಹಿಡಿದು, ಒದ್ದೆ ಪ್ಲಾಸ್ಟರ್ ಪಟ್ಟಿ ಸುತ್ತಿ, ಮಂಡಿಚಿಪ್ಪಿನ ಕೆಳಗೆ ಹೆಬ್ಬೆರಳು ಒತ್ತಿ ಭಾರ ಹೊರುವ ಜಾಗ ಹುಡುಕಬೇಕು. ಅಚ್ಚು ಒಣಗಿದ ಮೇಲೆ ಅರದಿಂದ ಉಜ್ಜಿ, ಕಾಯಿಸಿ ಮೆದುವಾದ ಪ್ಲಾಸ್ಟಿಕ್ ಹಾಳೆಯನ್ನು ಅದರ ಮೇಲೆ ಎಳೆಯಬೇಕು. ಒಂದು ಕೂದಲೆಳೆಯಷ್ಟು ತಪ್ಪಿದರೂ ಚರ್ಮ ಹುಣ್ಣಾಗುತ್ತದೆ. ಎಲ್ಲಿ ಹುಣ್ಣಾಗುತ್ತದೆ ಎಂಬುದು ಮಾಡುವವನಿಗೆ ಪುಸ್ತಕಕ್ಕಿಂತ ಮೊದಲು ತನ್ನ ಕಾಲಿನಿಂದಲೇ ಗೊತ್ತಿರುತ್ತದೆ. ಎದುರಿಗೆ ಕೂತವನು ಒಂದು ಕಾಲಕ್ಕೆ ತನ್ನ ಊರಿನ ಮೇಲೆ ರಾಕೆಟ್ಟು ಹಾರಿಸಿದ ಪಡೆಯವನೇ ಇರಬಹುದು. ಆದರೂ ಕೈ ಅಲ್ಲಿಗೇ ಹೋಗುತ್ತದೆ, ನೋಯುವ ಜಾಗಕ್ಕೆ.

ಇದಕ್ಕೆ ಕ್ಷಮೆ ಎಂದು ಹೆಸರಿಡುವ ಆತುರ ನಮ್ಮಂಥ ಓದುಗರಿಗೆ ಇರುತ್ತದೆ. ನನಗೆ ಹಾಗೆ ಅನ್ನಿಸುವುದಿಲ್ಲ. ಕ್ಷಮಿಸು ಎಂದು ಆ ಕೆಲಸಗಾರರನ್ನು ಯಾರೂ ಕೇಳಿದಂತಿಲ್ಲ, ಕೇಳಬಾರದು ಕೂಡ. ಅವರಿಗೆ ಸಂಬಳ ಬರುತ್ತದೆ. ಮನೆಯ ಮೂಲೆಯಲ್ಲಿ ಕೂತು ಉಣ್ಣುತ್ತಿದ್ದವನು ಅಕ್ಕಿ ತರುವವನಾದ. ಹಾಗೆ ನಿಂತವನ ಮುಂದೆ ಹಳೆಯ ವೈರಿ ಪ್ಯಾಂಟು ಮಡಚಿಕೊಂಡು ಕೂತಾಗ, ಇಬ್ಬರಿಗೂ ಗೊತ್ತಿರುವ ಒಂದು ಸಂಗತಿ ಅಲ್ಲಿರುತ್ತದೆ. ಮಾವನ ಹೆಬ್ಬೆರಳಿನಂಥದ್ದು. ಹೆಂಡತಿ ಮಕ್ಕಳಿಗೂ ಪೂರ್ತಿ ತಿಳಿಯದ್ದು.

ಇದನ್ನು ಸಿಹಿಯಾಗಿ ಹೇಳಿ ಮುಗಿಸಲೂ ಬರುವುದಿಲ್ಲ. 2017ರ ಸೆಪ್ಟೆಂಬರಿನಲ್ಲಿ ಮಝಾರ್-ಎ-ಶರೀಫ್ ಕೇಂದ್ರದಲ್ಲಿ ಸ್ಪೇನಿನ ಫಿಸಿಯೋಥೆರಪಿಸ್ಟ್ ಲೊರೆನಾ ಎನೆಬ್ರಾಲ್ ಪೆರೆಸ್ ಅವರನ್ನು ಗಾಲಿಕುರ್ಚಿಯಲ್ಲಿ ಬಂದ ರೋಗಿಯೊಬ್ಬ ಗುಂಡಿಟ್ಟು ಕೊಂದ. ಬಹಳ ದಿನಗಳಿಂದ ಅಲ್ಲಿಗೆ ಬರುತ್ತಿದ್ದವನು ಅವನು. ಇದನ್ನು ಓದಿದ ದಿನ ಮೇಲಿನ ಸಾಲುಗಳನ್ನೆಲ್ಲ ಹೊಡೆದುಹಾಕೋಣ ಅನ್ನಿಸಿತ್ತು. ಆದರೆ ಅಫ್ಘಾನಿಸ್ತಾನದಲ್ಲಿ ಕಾಲು ಮಾಡುವ ಕೆಲಸ ಅಲ್ಲಿಗೆ ನಿಲ್ಲಲಿಲ್ಲ.

ನಿಲ್ಲುವಂಥದ್ದೂ ಅಲ್ಲ ಅದು. ಚಪ್ಪಲಿ ಸವೆದಂತೆ ಪಾದ ಸವೆಯುತ್ತದೆ, ಮೊಂಡು ಬತ್ತಿ ತೊಟ್ಟಿದ್ದು ಸಡಿಲವಾಗುತ್ತದೆ. ದೊಡ್ಡವರಿಗೆ ಮೂರು ವರ್ಷಕ್ಕೊಮ್ಮೆ ಹೊಸ ಕಾಲು ಬೇಕಾದರೆ, ಬೆಳೆಯುವ ಮಕ್ಕಳಿಗೆ ವರ್ಷ ತುಂಬುವ ಮೊದಲೇ ಬೇಕಾಗಬಹುದು. ಯಾವ ಪಡೆಯಲ್ಲಿದ್ದವನೇ ಆಗಲಿ ಮತ್ತೆ ಬಂದು ಅದೇ ಬೆಂಚಿನ ಮೇಲೆ ಕೂರಬೇಕು. ಇವನು ಕುಂಟುತ್ತ ಎದ್ದು ಬಂದು ಮತ್ತೆ ಅಳತೆ ತೆಗೆಯಬೇಕು.