ಕ್ಯಾಮರಾ ಹೋದ ಮೇಲೆ

ಮೈಸೂರಿನಿಂದ ದಕ್ಷಿಣಕ್ಕೆ ಹೊರಟು, ನಂಜನಗೂಡನ್ನು ಹಾದು, ಬೇಗೂರನ್ನು ಹಿಂದಿಕ್ಕಿ ಸುಮಾರು 60 ಕಿಲೋಮೀಟರು ಸಾಗಿದರೆ ಗುಂಡ್ಲುಪೇಟೆ ಸಿಗುತ್ತದೆ. ಊರು ದೊಡ್ಡದಲ್ಲ, ಆದರೆ ದಾರಿ ದೊಡ್ಡದು. ಇಲ್ಲಿ ಹೆದ್ದಾರಿ ಕವಲೊಡೆದು, ಒಂದು ಕವಲು ಬಂಡೀಪುರದ ಕಾಡನ್ನು ದಾಟಿ ಉದಕಮಂಡಲಕ್ಕೂ, ಇನ್ನೊಂದು ಮೂಲೆಹೊಳೆಯ ಮೇಲೆ ಕೇರಳದ ಸುಲ್ತಾನ್ ಬತ್ತೇರಿಗೂ ಹೋಗುತ್ತವೆ. ಪೂರ್ವಕ್ಕೆ ತಿರುಗಿದವರಿಗೆ ತೆರಕಣಾಂಬಿ, ಅದರಾಚೆಗೆ ಚಾಮರಾಜನಗರ. ಮುಂಗಾರಿನ ಮೊದಲ ಮಳೆಗಳು ಬಿದ್ದು ಜೂನ್ ತಿಂಗಳು ಕಳೆಯುವ ಹೊತ್ತಿಗೆ ಈ ದಾರಿಗಳ ಇಕ್ಕೆಲದ ಹೊಲಗಳು ಬಣ್ಣ ತಾಳುತ್ತವೆ. ಒಂದೆಡೆ ಸೂರ್ಯಕಾಂತಿ, ಇನ್ನೊಂದೆಡೆ ಚೆಂಡುಹೂ. ಹಿಂದೆ ಹಿಮವದ್ ಗೋಪಾಲಸ್ವಾಮಿ ಬೆಟ್ಟ, ಅದರ ನೆತ್ತಿಗೆ ಮಂಜಿನ ಮುಸುಕು. ಕಣ್ಣುಳ್ಳವನು ವಾಹನ ನಿಲ್ಲಿಸದೆ ಮುಂದೆ ಹೋಗಲಾರ.

ನಿಲ್ಲಿಸುವುದು ತಪ್ಪೂ ಅಲ್ಲ. ರೈತನು ಈ ಹೂಗಳನ್ನು ನಮ್ಮ ಕಣ್ಣಿನ ಹಬ್ಬಕ್ಕಾಗಿ ಬೆಳೆದವನಲ್ಲ; ಸೂರ್ಯಕಾಂತಿಯನ್ನು ಎಣ್ಣೆಗೆಂದು ಬೆಳೆದಿದ್ದಾನೆ, ಚೆಂಡುಹೂವನ್ನು ಬಣ್ಣದ ಕಾರ್ಖಾನೆಗೂ ಓಣಂ ಹಬ್ಬದ ಮಾರುಕಟ್ಟೆಗೂ ಬೆಳೆದಿದ್ದಾನೆ. ಆದರೂ ಬಂದವರು ನೋಡಿ ನಲಿದರೆ ಅವನಿಗೆ ಬೇಸರವಿಲ್ಲ. ಮೊದಮೊದಲು ಬಂದವರು ರಸ್ತೆಯಲ್ಲಿ ನಿಂತು ನೋಡಿದರು. ಆಮೇಲೆ ಬಂದವರು ಸಾಲುಗಳೊಳಗೆ ಇಳಿದು ಪಟ ತೆಗೆಸಿಕೊಂಡರು. ಈಚೆಗೆ ಮದುವೆಗೆ ಮುಂಚಿನ ಚಿತ್ರಗಳಿಗಾಗಿ ವಧೂವರರು ಬರುತ್ತಾರೆ. ಹಾಡಿನ ಚಿತ್ರೀಕರಣಕ್ಕೆ ತಂಡಗಳೇ ಬರುತ್ತವೆ. ಬೆಳೆ ತುಳಿಯುವುದನ್ನು ತಡೆಯಲಾರದ ಕೆಲವು ರೈತರು ಹೊಲದ ಬದುವಿನಲ್ಲಿ ಕುಳಿತು, ಒಳಗೆ ಬರುವವರಿಂದ ಇಷ್ಟು ಹಣವೆಂದು ವಸೂಲು ಮಾಡುವುದನ್ನೂ ಕಲಿತಿದ್ದಾರೆ. ಹೊಲಕ್ಕೆ ಯಜಮಾನನಿದ್ದಾನೆ, ಅವನು ಕೇಳಬಲ್ಲ. ಯಜಮಾನನಿಲ್ಲದ ನೆಲದ ಮಾತೇನು? ಕೆರೆಯ ಏರಿ, ಗೋಮಾಳ, ಹೆದ್ದಾರಿಯ ಅಂಚು, ಬೆಟ್ಟದ ಬುಡ, ಇವು ಎಲ್ಲರಿಗೂ ಸೇರಿದುವು. ಎಲ್ಲರಿಗೂ ಸೇರಿದ್ದು ಯಾರಿಗೂ ಸೇರಿಲ್ಲವೆಂದು ನಡೆದುಕೊಳ್ಳುವುದು ನಮ್ಮ ರೂಢಿಯಾಗಿದೆ.

‘ಶೂಟಿಂಗ್’ ಎಂಬ ಮಾತಿಗೆ ಈ ಸೀಮೆಯಲ್ಲಿ ಹಳೆಯ ಅರ್ಥವೊಂದಿದ್ದಿತು. ಅದು ಕೋವಿಯ ಶೂಟಿಂಗು. ಬಂಡೀಪುರ ಮೈಸೂರಿನ ಅರಸರ ಬೇಟೆಯ ಕಾಡು. ಚಾಮರಾಜನಗರದ ಬಳಿ ಬೀಡುಬಿಟ್ಟು ಆನೆಗಳನ್ನು ಹಿಡಿಸಿದ ಸ್ಯಾಂಡರ್‌ಸನ್ ಎಂಬ ಆಂಗ್ಲ ಅಧಿಕಾರಿ ತನ್ನ ಕಾಡಿನ ಅನುಭವಗಳನ್ನೆಲ್ಲ ಬರೆದು 1878ರಲ್ಲಿ ಪುಸ್ತಕವಾಗಿಸಿದನು. 1931ರಲ್ಲಿ ಮಹಾರಾಜರು ಇಲ್ಲಿನ 90 ಚದರ ಕಿಲೋಮೀಟರು ಕಾಡನ್ನು ವನ್ಯಮೃಗಗಳಿಗೆಂದು ಕಾದಿರಿಸಿದರು. 1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ಆಯ್ದುಕೊಂಡ ಮೊದಲ 9 ಕಾಡುಗಳಲ್ಲಿ ಬಂಡೀಪುರವೂ ಒಂದಾಯಿತು. ಅದೇ ವರ್ಷ ‘ಗಂಧದ ಗುಡಿ’ ಚಿತ್ರ ತೆರೆಕಂಡಿತು. ಚಾಮರಾಜನಗರಕ್ಕೆ ಅನತಿದೂರದ ಗಾಜನೂರಿನ ರಾಜಕುಮಾರರು ಅದರಲ್ಲಿ ಅರಣ್ಯಾಧಿಕಾರಿಯಾಗಿ ಕಾಡಿನ ಪರವಾಗಿ ನಿಂತರು. ಕೋವಿ ಕೆಳಗಿಳಿದು ಕ್ಯಾಮರಾ ಮೇಲೇರಿದ ಕಾಲವೆಂದು ಅದನ್ನು ಕರೆಯಬಹುದು. ಕ್ಯಾಮರಾ ಯಾರನ್ನೂ ಕೊಲ್ಲುವುದಿಲ್ಲವೆಂಬ ನಂಬಿಕೆಯಿಂದ ನಾವು ಅದಕ್ಕೆ ಎಲ್ಲ ಬಾಗಿಲುಗಳನ್ನೂ ತೆರೆದೆವು.

ಕಾಡಿನ ಒಳಗೆ ಆ ಬಾಗಿಲು ಈಗ ಅಷ್ಟು ಸಲೀಸಲ್ಲ. ಗೋಪಾಲಸ್ವಾಮಿ ಬೆಟ್ಟಕ್ಕೆ ಖಾಸಗಿ ವಾಹನಗಳನ್ನು ಬಿಡುವುದಿಲ್ಲ; ಬುಡದಲ್ಲಿಳಿದು ಸಾರಿಗೆ ಸಂಸ್ಥೆಯ ಬಸ್ಸು ಹತ್ತಬೇಕು. 2025ರ ಏಪ್ರಿಲ್‌ನಲ್ಲಿ ಆ ಬೆಟ್ಟದ ಮೇಲೆ ಮಲಯಾಳಂ ಚಿತ್ರವೊಂದರ ಚಿತ್ರೀಕರಣ ನಡೆದಾಗ, ಹುಲಿಗಳ ನೆಲೆಯಲ್ಲಿ ಇದಕ್ಕೆ ಅನುಮತಿ ಸಲ್ಲದೆಂದು ಪರಿಸರಪ್ರೇಮಿಗಳು ಆಕ್ಷೇಪಿಸಿದರು. ಸುದ್ದಿ ಪತ್ರಿಕೆಗಳಿಗೂ ಬಂದಿತು. ಕಾಡಿಗೆ ಇಲಾಖೆಯಿದೆ, ಗೇಟಿದೆ, ಕೇಳುವವರಿದ್ದಾರೆ. ಕಾಡಿನ ಗಡಿಯಿಂದ ಈಚೆಗಿನ ಕೆರೆಯ ಏರಿಗೆ ಇವು ಯಾವುವೂ ಇಲ್ಲ.

ಅಂತಹ ಒಂದು ಏರಿಗೆ ಕಳೆದ ವರ್ಷ ಭಾನುವಾರವೊಂದರ ಬೆಳಿಗ್ಗೆ ನಮ್ಮ ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯ ವಿದ್ಯಾರ್ಥಿಗಳೊಡನೆ ನಾನು ಹೋಗಿದ್ದೆ. ಮಹಾತ್ಮರ ಜನ್ಮಶತಾಬ್ದಿಯ ವರ್ಷವಾದ 1969ರಲ್ಲಿ 37 ವಿಶ್ವವಿದ್ಯಾಲಯಗಳಲ್ಲಿ ಆರಂಭವಾದ ಯೋಜನೆ ಅದು. ‘ನನಗಲ್ಲ, ನಿನಗೆ’ ಎಂಬುದು ಅದರ ಧ್ಯೇಯವಾಕ್ಯ. ತೆರಕಣಾಂಬಿಯ ದಾರಿಯಲ್ಲಿ, ಹೆದ್ದಾರಿಯಿಂದ ಕೂಗಳತೆಯ ದೂರದಲ್ಲಿ ಆ ಕೆರೆ. ಹಿಂದಿನ ವಾರ ಅಲ್ಲಿ ಯಾವುದೋ ಹಾಡಿನ ಚಿತ್ರೀಕರಣ ನಡೆದಿದ್ದಿತು. ಅದಕ್ಕೂ ಮುಂಚೆ ಮದುವೆಯ ಚಿತ್ರ ತೆಗೆಯುವವರು ಹಲವು ಬಾರಿ ಬಂದು ಹೋಗಿದ್ದರು.

ನಾವು ಕಂಡುದನ್ನು ಹೇಳುತ್ತೇನೆ. ನೀರಿನ ಬಾಟಲಿಗಳು, ಊಟದ ತಟ್ಟೆಗಳು, ಕಾಗದದಂತೆ ಕಂಡರೂ ಒಳಮೈಗೆ ಪ್ಲಾಸ್ಟಿಕ್ ಬಳಿದ ಲೋಟಗಳು, ಇವು ಎಲ್ಲ ಕಡೆಯಲ್ಲಿಯೂ ಇರತಕ್ಕವು. ಚಿತ್ರೀಕರಣದ ಕಸ ಬೇರೆಯೇ ಜಾತಿಯದು. ಒಡೆದ ಥರ್ಮೊಕೋಲ್ ಹಲಗೆಗಳು ಕಾಳುಕಾಳಾಗಿ ನೀರಿನ ಅಂಚಿಗೆ ನೊರೆಯಂತೆ ಹತ್ತಿದ್ದುವು. ಬಣ್ಣದ ಹೊಗೆ ಬಿಡುವ ಸುಟ್ಟ ಡಬ್ಬಿಗಳಿದ್ದುವು. ಹೊಂಗೆಯ ಮರಕ್ಕೆ ಹೊಡೆದ ಮೊಳೆಗಳು ಹಾಗೆಯೇ ಉಳಿದಿದ್ದುವು. ಅವುಗಳಿಂದ ತಂತಿ ಜೋತುಬಿದ್ದಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ಬೇಗಡೆಯ ಚೂರು. ನಾಯಕ ನಾಯಿಕೆಯರ ಮೇಲೆ ಮಿನುಗುತ್ತ ಉದುರಲೆಂದು ಗಾಳಿಗೆ ಹಾರಿಸಿದ, ಉಗುರಿನಗಲದ ಹೊಳೆಯುವ ಪ್ಲಾಸ್ಟಿಕ್ ಚೂರುಗಳು. ಅವು ಗರಿಕೆಯ ಬುಡದಲ್ಲಿ, ಮಣ್ಣಿನ ಬಿರುಕಿನಲ್ಲಿ, ದನದ ಹೆಜ್ಜೆಯ ಗುಳಿಗಳಲ್ಲಿ ಸೇರಿಹೋಗಿದ್ದುವು. ತೆರೆಯ ಮೇಲೆ ಅವು ಮಿನುಗಿದ ಹೊತ್ತು ನಾಲ್ಕೈದು ಸೆಕೆಂಡು ಇರಬಹುದು. ಅವನ್ನು ಆಯಲು ನಮಗೆ ಮೂರು ಗಂಟೆ ಹಿಡಿಯಿತು.

ಕುರಿ ಹೊಡೆದುಕೊಂಡು ಬಂದ ಮುದುಕರೊಬ್ಬರು ನಮ್ಮನ್ನು ಬಹಳ ಹೊತ್ತು ನೋಡುತ್ತ ನಿಂತರು. ಕಡೆಗೆ, “ನೀವೂ ಶೂಟಿಂಗ್ನೋರಾ ಮೇಷ್ಟ್ರೆ?” ಎಂದು ಕೇಳಿದರು.

“ಅಲ್ಲ ತಾತ, ಅವರು ಬಿಟ್ಟು ಹೋದದ್ದನ್ನು ಎತ್ತುವುದಕ್ಕೆ ಬಂದಿದ್ದೀವಿ,” ಎಂದಳು ವಿದ್ಯಾರ್ಥಿನಿಯೊಬ್ಬಳು.

“ಅಂಗಾರೆ ಒಳ್ಳೇದು ಕನವ್ವ. ಬತ್ತರ, ಪಟ ಹಿಡೀತರ, ಹೋಯ್ತರ. ಉಪ್ಪಿನ ವಾಸ್ನ ಅದಲ್ಲ, ದನ ಆ ಕವರ್ನ ಮೆಲ್ಕ ಹಾಕ್ತವ. ಗಾಜು ತುಳ್ದು ಎತ್ತು ಕುಂಟ್ತದ. ಯಾರ್ನ ಕೇಳದು?”

ಇಷ್ಟು ಹೇಳಿ ಅವರು ಹೊರಟುಹೋದರು. ಅರ್ಧ ಗಂಟೆಯ ಮೇಲೆ ಮತ್ತೆ ಬಂದರು; ಕೈಯಲ್ಲಿ ರಾಗಿ ಜರಡಿಯಿದ್ದಿತು. ಬೇಗಡೆ ಬಿದ್ದ ಕಡೆಯ ಮೇಲ್ಮಣ್ಣನ್ನು ಬಾಚಿ ಜರಡಿಯಲ್ಲಿ ಹಿಡಿದಾಗ ಮಣ್ಣು ಕೆಳಗಿಳಿದು ಚೂರುಗಳು ಮೇಲೆ ಉಳಿದುವು. ನಮ್ಮ ಪದವೀಧರರ ತಂಡಕ್ಕೆ ಹೊಳೆಯದ ಉಪಾಯ ಅದು.

ಮಧ್ಯಾಹ್ನದ ಹೊತ್ತಿಗೆ 11 ಚೀಲಗಳು ತುಂಬಿದುವು. ಆಗ ಹೊಸ ಪ್ರಶ್ನೆ ಹುಟ್ಟಿತು: ಇವನ್ನು ಎಲ್ಲಿಗೆ ಒಯ್ಯುವುದು? ಗುಜರಿಯವನು ಬಾಟಲಿಗಳನ್ನು ಕೊಂಡನು; ತಂತಿಯನ್ನೂ ಕೊಂಡನು. ತಿಂಡಿಯ ಪೊಟ್ಟಣಗಳನ್ನು ಕಣ್ಣೆತ್ತಿಯೂ ನೋಡಲಿಲ್ಲ. ಪ್ಲಾಸ್ಟಿಕ್ಕಿಗೆ ಅಲ್ಯೂಮಿನಿಯಮ್ಮಿನ ತೆಳುಪೊರೆ ಅಂಟಿಸಿ ಮಾಡಿದ ಆ ಹಾಳೆಯ ಪದರಗಳನ್ನು ಬೇರ್ಪಡಿಸುವುದು ಕಷ್ಟ. ಆದುದರಿಂದ ಅದಕ್ಕೆ ಬೆಲೆಯಿಲ್ಲ. ಬೆಲೆಯಿಲ್ಲದ್ದೆಲ್ಲ ಕಡೆಗೆ ಗ್ರಾಮ ಪಂಚಾಯಿತಿಯ ಕಸದ ಘಟಕಕ್ಕೆ ಹೋಯಿತು. ಅಲ್ಲಿ ಸ್ವಸಹಾಯ ಸಂಘದ ಇಬ್ಬರು ಹೆಂಗಸರು ನಮ್ಮ ಚೀಲಗಳನ್ನು ಬಿಚ್ಚಿ ಪುನಃ ವಿಂಗಡಿಸಲು ಕುಳಿತರು. ಕಸ ಎತ್ತಿದೆವೆಂಬ ನಮ್ಮ ಹೆಮ್ಮೆ ಅವರ ಪಾಲಿಗೆ ಹೆಚ್ಚುವರಿ ದುಡಿಮೆಯಾಯಿತು.

ಹಿಂದಿರುಗುವಾಗ ಬಸ್ಸಿನಲ್ಲಿ ಅದೇ ವಿದ್ಯಾರ್ಥಿನಿ ಕೇಳಿದಳು: “ಸಾರ್, ನಾವು ಬಂದು ಎತ್ತುತ್ತೀವೆಂದು ಗೊತ್ತಾದರೆ ಅವರು ಇನ್ನೂ ಧೈರ್ಯವಾಗಿ ಚೆಲ್ಲುವುದಿಲ್ಲವೆ?”

ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಸ್ವಯಂಸೇವಕನ ಬೆನ್ನು ಬಾಗುವುದಕ್ಕೆ ಪುಣ್ಯದ ಹೆಸರಿದೆ. ಆದರೆ ಆ ಪುಣ್ಯವೇ ಮತ್ತೊಬ್ಬನ ಸೋಮಾರಿತನಕ್ಕೆ ಪರವಾನಗಿಯಾದರೆ ಲಾಭ ಯಾರಿಗೆ? ಮದುವೆಯ ಮನೆಯಲ್ಲಿ ಎಂಜಲೆಲೆ ತೆಗೆಯುವ ಖರ್ಚನ್ನು ಮದುವೆಯವರೇ ಲೆಕ್ಕಕ್ಕೆ ಹಿಡಿಯುತ್ತಾರೆ. ಬೀದಿಯವರು ಬಂದು ತೆಗೆಯಲೆಂದು ಕಾಯುವುದಿಲ್ಲ. ಚಿತ್ರೀಕರಣದ ಲೆಕ್ಕದಲ್ಲಿ ನಟರಿಗೆ ಸಂಬಳವಿದೆ, ದೀಪಕ್ಕೆ ಬಾಡಿಗೆಯಿದೆ, ಊಟಕ್ಕೆ ಖರ್ಚಿದೆ. ಗುಡಿಸುವುದಕ್ಕೂ ಒಂದು ಸಾಲು ಏಕಿರಬಾರದು?

ಇದು ಕನಸಿನ ಮಾತಲ್ಲ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಇದನ್ನೇ ಹೇಳಿದುವು: ಪರವಾನಗಿಯಿಲ್ಲದ ಜಾಗದಲ್ಲಿ 100ಕ್ಕಿಂತ ಹೆಚ್ಚು ಜನರನ್ನು ಸೇರಿಸುವವನು 3 ಕೆಲಸದ ದಿನಗಳ ಮುಂಚೆ ಸ್ಥಳೀಯ ಸಂಸ್ಥೆಗೆ ತಿಳಿಸಬೇಕು, ಶುಲ್ಕ ಕಟ್ಟಬೇಕು, ಕಸವನ್ನು ಅಲ್ಲಿಯೇ ವಿಂಗಡಿಸಿ ಒಪ್ಪಿಸಬೇಕು. ಆದರೆ ವಧೂವರರೊಡನೆ ಬರುವ ಹತ್ತು ಜನರ ತಂಡ ಈ ಎಣಿಕೆಗೆ ಸಿಕ್ಕುವುದಿಲ್ಲ; ಒಂದು ಋತುವಿನಲ್ಲಿ ಅಂತಹ ತಂಡಗಳು ಎಷ್ಟೋ ಬರುತ್ತವೆ.

ಗಡಿಯಾಚೆಯ ನೀಲಗಿರಿಯಲ್ಲಿ ಇನ್ನೊಂದು ಉಪಾಯ ಮಾಡಿದರು. ಕುಡಿದು ಎಸೆದ ಮದ್ಯದ ಬಾಟಲಿಗಳ ಗಾಜು ಆನೆಗಳ ಪಾದಕ್ಕೆ ಚುಚ್ಚುತ್ತಿದ್ದುದರಿಂದ, ನ್ಯಾಯಾಲಯ ಮಧ್ಯೆ ಬಂದು, 2022ರಿಂದ ಅಲ್ಲಿನ ಸರಕಾರಿ ಅಂಗಡಿಗಳು ಪ್ರತಿ ಬಾಟಲಿಗೆ 10 ರೂಪಾಯಿ ಹೆಚ್ಚಾಗಿ ಪಡೆದು, ಖಾಲಿ ಬಾಟಲಿ ತಂದವರಿಗೆ ಅದನ್ನು ಹಿಂದಿರುಗಿಸತೊಡಗಿದುವು. ಉಪದೇಶ ಮಾಡದ ಕೆಲಸವನ್ನು ಹತ್ತು ರೂಪಾಯಿ ಮಾಡಿತು. ಚಿತ್ರೀಕರಣಕ್ಕೂ ಇದೇ ನ್ಯಾಯ ಹೊಂದುತ್ತದೆ. ಕೆರೆಯ ಏರಿಯಲ್ಲಿ ಕ್ಯಾಮರಾ ಇಡುವವರು ಮೊದಲೇ ಪಂಚಾಯಿತಿಯಲ್ಲಿ ಠೇವಣಿಯಿಡಲಿ. ಜಾಗ ಬಂದಂತೆಯೇ ಇದ್ದರೆ ಸಂಜೆ ಹಣವನ್ನು ಹಿಂದಕ್ಕೆ ಪಡೆಯಲಿ. ಇಲ್ಲವಾದರೆ ಆ ಹಣ ಕಸದ ಘಟಕದ ಹೆಂಗಸರ ಕೂಲಿಗೆ ಸೇರಲಿ.

ಹಾಗಾದರೆ ಸ್ವಯಂಸೇವಕರಿಗೆ ಕೆಲಸವಿಲ್ಲವೆ? ಇದೆ. 2019ರ ಫೆಬ್ರವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಕಾಡು ಹೊತ್ತಿ ಉರಿದಾಗ, ಬೆಂಕಿ ಆರಿಸುವ ಸಿಬ್ಬಂದಿಗೆ ಹೆಗಲು ಕೊಡಲು ಮೈಸೂರು, ಬೆಂಗಳೂರುಗಳಿಂದ ಯುವಕರು ಓಡಿಬಂದರು. ಅಂತಹವರ ಕೈಯಲ್ಲಿ ಚೀಲದ ಜೊತೆಗೆ ಒಂದು ನೋಟುಪುಸ್ತಕವೂ ಇರಬೇಕು. ಯಾವ ಜಾಗ, ಯಾವ ದಿನ, ಯಾವ ಕಸ, ಎಷ್ಟು ಚೀಲ ಎಂದು ಬರೆದು ಪಂಚಾಯಿತಿಯ ಮೇಜಿನ ಮೇಲಿಟ್ಟರೆ, ಅದು ದೂರಲ್ಲ, ದಾಖಲೆ. ನಮ್ಮ ವಿದ್ಯಾರ್ಥಿಗಳು ಎರಡನೆಯ ಸಲ ಹೋದಾಗ ಹಾಗೆಯೇ ಮಾಡಿದರು. ಎತ್ತಿದ ಕಸ ಮರೆತುಹೋಗುತ್ತದೆ. ಬರೆದಿಟ್ಟ ಕಸಕ್ಕೆ ಯಾರಾದರೂ ಉತ್ತರ ಕೊಡಬೇಕಾಗುತ್ತದೆ.

ಇದೆಲ್ಲ ಒಂದು ಕೆರೆಯ ಚಿಂತೆಯಷ್ಟೇ ಎಂದುಕೊಳ್ಳಬಾರದು. ಮಳೆ ಬಂದರೆ ಏರಿಯ ಕಸ ಹಳ್ಳಕ್ಕಿಳಿಯುತ್ತದೆ. ಕಾಡಂಚಿನ ಹಳ್ಳದ ನೀರನ್ನು ದನವೂ ಕುಡಿಯುತ್ತದೆ, ಆನೆಯೂ ಕುಡಿಯುತ್ತದೆ. ಉತ್ತರಾಖಂಡದ ಕಾಡಂಚಿನಲ್ಲಿ ಆನೆಯ ಲದ್ದಿಯನ್ನು ಪರೀಕ್ಷಿಸಿದ ಸಂಶೋಧಕರು ಅದರೊಳಗೆ ಪ್ಲಾಸ್ಟಿಕ್ಕಿನ ಚೂರುಗಳನ್ನು ಕಂಡು 2022ರಲ್ಲಿ ಪ್ರಕಟಿಸಿದರು. ಅಲ್ಲಿನ ಆನೆ ಬೇರೆ, ಇಲ್ಲಿನ ಆನೆ ಬೇರೆಯೆಂದು ಸಮಾಧಾನ ಹೇಳಿಕೊಳ್ಳಲು ಕಾರಣವಿಲ್ಲ.

ಓದುಗರಲ್ಲಿ ಹಲವರು ಬರುವ ಮುಂಗಾರಿನಲ್ಲಿ ಮಕ್ಕಳೊಡನೆ ಊಟಿಗೋ ವಯನಾಡಿಗೋ ಈ ದಾರಿಯಲ್ಲಿಯೇ ಹೋಗುವವರು. ಹೋಗಿ, ಹೂ ಅರಳಿದ ಕಾಲದಲ್ಲಿ ಈ ಸೀಮೆಯನ್ನು ನೋಡದಿರುವುದು ನಷ್ಟವೇ ಸರಿ. ಹೊಲಕ್ಕಿಳಿಯುವ ಮುನ್ನ ರೈತನನ್ನು ಒಂದು ಮಾತು ಕೇಳಿ. ಕಾಡಿನೊಳಗಿನ ರಸ್ತೆಯಲ್ಲಿ ಇಳಿಯಲೇ ಬೇಡಿ. ಮನೆಯಿಂದ ಬುತ್ತಿಯ ಜೊತೆಗೆ ಒಂದು ಖಾಲಿ ಚೀಲವನ್ನೂ ತನ್ನಿ. ಮಕ್ಕಳ ಕೈಯಿಂದಲೇ ಅದನ್ನು ತುಂಬಿಸಿ ಮನೆಗೆ ಒಯ್ಯಿರಿ. ಮನೆಯಲ್ಲಿ ಮದುವೆ ಕೂಡಿಬಂದು ಚಿತ್ರ ತೆಗೆಯುವವರನ್ನು ಗೊತ್ತುಮಾಡುವಾಗ, ಎಷ್ಟು ಪಟ, ಎಷ್ಟು ಹಣ ಎಂದು ವಿಚಾರಿಸುವ ಜೊತೆಗೆ, ಜಾಗ ಗುಡಿಸುವವರು ಯಾರು ಎಂದೂ ವಿಚಾರಿಸಿರಿ.