ಬ್ರೂಜಿನ ಬಾಲೆ

ಫ್ಲಾಂಡರ್ಸಿನ ವಣಿಕ್ ನಗರಿಯಾದ ಬ್ರೂಜಿನಲ್ಲಿ ಪೆಟ್ರುಸ್ ಕ್ರಿಸ್ಟುಸನೆಂಬ ಚಿತ್ರಕಾರನು ಸುಮಾರು 1470ರ ವೇಳೆಗೆ ಓಕ್ ಮರದ ಹಲಗೆಯ ಮೇಲೆ ತೈಲವರ್ಣದಲ್ಲಿ ರಚಿಸಿದ, ಈಗ ಬರ್ಲಿನ್ನಿನ ಚಿತ್ರಶಾಲೆಯಲ್ಲಿರುವ ಬಾಲೆಯೋರ್ವಳ ಭಾವಚಿತ್ರವು ಎತ್ತರದಲ್ಲಿ ಒಂದಡಿಯನ್ನೂ ಮುಟ್ಟದು. ಆದರೂ ಅದರೆದುರು ನಿಂತವನಿಗೆ, ನೋಡುತ್ತಿರುವವನು ತಾನಲ್ಲ, ಪರೀಕ್ಷೆಗೊಳಗಾಗುತ್ತಿರುವವನು ತಾನು ಎಂಬ ಶಂಕೆ ಹುಟ್ಟದಿರದು.

ಕಾರಣ, ಆ ಕಣ್ಣುಗಳು. ಮುಖವನ್ನು ತುಸು ಪಕ್ಕಕ್ಕೆ ಹೊರಳಿಸಿ, ದೃಷ್ಟಿಯನ್ನು ಮಾತ್ರ ನಮ್ಮಲ್ಲಿ ನೆಟ್ಟ ಆಕೆಯ ನೋಟವನ್ನು ಕೋಪವೆನ್ನಲಾಗದು, ಲಜ್ಜೆಯೆನ್ನಲಾಗದು. ಹುಡುಗಿಯರ ಬಿಗುಮಾನವನ್ನು ಬಲ್ಲವರು ಬೇಕಾದರೆ ಹೆಸರಿಡಲಿ. ಹಿಂದಕ್ಕೆ ಬಿಗಿದೆಳೆದ ಕೂದಲಿನಿಂದ ವಿಶಾಲವಾಗಿ ತೋರುವ ಹಣೆ, ಕಪ್ಪು ಟೋಪಿ, ಕೊರಳಲ್ಲಿ ಮೂರೆಳೆಯ ಹಾರ.

ಅಂದಿನ ಫ್ಲೆಮಿಷ್ ಚಿತ್ರಕಾರರು ಸಾಮಾನ್ಯವಾಗಿ ಭಾವಚಿತ್ರದ ಹಿನ್ನೆಲೆಯನ್ನು ಬರಿಯ ಕತ್ತಲಿಗೆ ಬಿಡುತ್ತಿದ್ದರು. ಆದರೆ 1446ರಲ್ಲಿಯೇ ಎಡ್ವರ್ಡ್ ಗ್ರಿಮ್‌ಸ್ಟನ್ ಎಂಬಾತನನ್ನು ಕೋಣೆಯೊಂದರೊಳಗೆ ಚಿತ್ರಿಸಿದ್ದ ಕ್ರಿಸ್ಟುಸನು, ಇಲ್ಲಿ ಗೋಡೆಯ ಕೆಳಭಾಗಕ್ಕೆ ಹೊದಿಸಿದ ಮರದ ಹಲಗೆಗಳನ್ನಷ್ಟೇ ತೋರಿಸಿ, ಅಷ್ಟರಿಂದಲೇ ಆಕೆಗೊಂದು ಮನೆಯನ್ನು ಕಲ್ಪಿಸಿದನು. ಆಕೆಯ ಹೆಸರನ್ನರಸಿ ಹೊರಟ ವಿದ್ವಾಂಸರು ಇಂಗ್ಲೆಂಡಿನ ಟಾಲ್ಬಟ್ ವಂಶದತ್ತ ಬೆರಳು ತೋರಿದ್ದುಂಟು. ನನಗಾದರೋ ಆ ವಂಶಾವಳಿಗಿಂತ, ಟೋಪಿಯಿಂದಿಳಿದು ಗಲ್ಲದಡಿಯಲ್ಲಿ ಹಾದುಹೋದ ಕರಿಯ ಪಟ್ಟಿಯೇ ಹೆಚ್ಚು ಸ್ವಾರಸ್ಯಕರವಾಗಿದೆ.