ಬಿ-ಸೈಡಿನ ಹೆಸರು



ಆಫೀಸಲ್ಲಿ ಊಟದ ಬಿಡುವಿನಲ್ಲಿ ನಾನು ಇಯರ್‌ಫೋನ್ ಹಾಕಿಕೊಂಡು ಕೇಳೋದು ಅಮೆರಿಕದ ಕಪ್ಪು ಜನರ ಹಳೇ ಸೋಲ್ ಹಾಡುಗಳನ್ನ. "ಏನ್ ಗುರೂ, ಇಂಗ್ಲಿಷ್ ಹಾಡಾ?" ಅಂತ ಜೊತೆಯವರು ನಗ್ತಾರೆ. ನಗಲಿ. ಇವತ್ತು ಅದರ ಕತೆ ಹೇಳಬೇಕು, ಜೊತೆಗೆ ನನ್ನದೊಂದು ತಪ್ಪನ್ನೂ.

1960ರ ದಶಕದಲ್ಲಿ ಈ ಹಾಡುಗಳು ಏಳು ಇಂಚಿನ ಚಿಕ್ಕ ರೆಕಾರ್ಡಿನಲ್ಲಿ ಬರ್ತಿದ್ದವು. ಒಂದೊಂದು ಬದಿಗೆ ಒಂದೊಂದು ಹಾಡು. ಎ-ಸೈಡ್ ಅಂದ್ರೆ ಕಂಪನಿಯವರು ರೇಡಿಯೋಗೆ ಕಳಿಸಿ ಓಡಿಸಬೇಕು ಅಂದುಕೊಂಡ ಹಾಡು. ಬಿ-ಸೈಡ್ ಅಂದ್ರೆ ಹಿಂಬದಿ ಖಾಲಿ ಬಿಡಬಾರದು ಅಂತ ಹಾಕಿದ್ದು. 1965ರಲ್ಲಿ ಗ್ಲೋರಿಯಾ ಜೋನ್ಸ್ ಎಂಬ ಕಪ್ಪು ಹೆಣ್ಣುಮಗಳ 'ಟೇಂಟೆಡ್ ಲವ್' ಹಾಗೆ ಹಿಂಬದಿಗೆ ಬಿತ್ತು. ರೆಕಾರ್ಡ್ ಓಡಲಿಲ್ಲ.

ಅದನ್ನ ಉಳಿಸಿದ್ದು ಯಾರು ಗೊತ್ತಾ? ಉತ್ತರ ಇಂಗ್ಲೆಂಡಿನ ಗಿರಣಿ, ಗಣಿ ಊರುಗಳ ದುಡಿಯುವ ಹುಡುಗ ಹುಡುಗಿಯರು. ವಿಗನ್ ಕ್ಯಾಸಿನೋದಂಥ ಹಾಲ್‌ಗಳಲ್ಲಿ ಅವರು ರಾತ್ರಿಯಿಡೀ ಕುಣೀತಿದ್ದರು. ಅವರಿಗೆ ಬೇಕಾಗಿದ್ದು ಹಿಟ್ ಹಾಡಲ್ಲ, ಅಮೆರಿಕದಲ್ಲಿ ಸೋತು ಮೂಲೆ ಸೇರಿದ್ದ ಹಾಡು. ಅದಕ್ಕೆ ನಾರ್ದರ್ನ್ ಸೋಲ್ ಅಂತಲೇ ಹೆಸರಾಯ್ತು. 'ಟೇಂಟೆಡ್ ಲವ್' ಅಲ್ಲಿ ಮತ್ತೆ ಹುಟ್ಟಿತು. 1981ರಲ್ಲಿ ಸಾಫ್ಟ್ ಸೆಲ್ ಎಂಬ ಇಂಗ್ಲಿಷ್ ಜೋಡಿ ಅದನ್ನೇ ಹಾಡಿ ಬ್ರಿಟನ್ನಿನಲ್ಲಿ ನಂಬರ್ ಒನ್ ಆಯ್ತು. ಇವತ್ತಿಗೂ ಬಹಳ ಜನಕ್ಕೆ ಗೊತ್ತಿರೋದು ಅವರ ದನಿಯೇ.

ನನಗೆ ಚುಚ್ಚಿದ್ದು ಇನ್ನೊಂದು. ಅಪರೂಪದ ರೆಕಾರ್ಡ್ ಸಿಕ್ಕಿದ ಡಿಜೆಗಳು, ಬೇರೆಯವರಿಗೆ ಸುಳಿವು ಸಿಗಬಾರದು ಅಂತ ಲೇಬಲ್ ಮೇಲೆ ಕಾಗದ ಅಂಟಿಸಿ ಸುಳ್ಳು ಹೆಸರು ಹೇಳ್ತಿದ್ದರು. ಫ್ರಾಂಕ್ ವಿಲ್ಸನ್ 1965ರಲ್ಲಿ ಹಾಡಿದ 'ಡೂ ಐ ಲವ್ ಯು' ವಿಗನ್‌ನಲ್ಲಿ ಮೊಳಗಿದ್ದು ಎಡ್ಡಿ ಫಾಸ್ಟರ್ ಅನ್ನೋ ಹೆಸರಲ್ಲಿ. ಬೆರಳೆಣಿಕೆಯ ಪ್ರತಿಗಳಷ್ಟೇ ಉಳಿದಿರುವ ಆ ರೆಕಾರ್ಡ್ 2009ರಲ್ಲಿ 25,000 ಪೌಂಡಿಗೂ ಹೆಚ್ಚಿಗೆ ಮಾರಾಟವಾಯ್ತು. ಹಳೇ ರೆಕಾರ್ಡ್ ಹೀಗೆ ಕೈ ಬದಲಾದರೆ ಹಾಡಿದವರಿಗೆ ಬಿಡಿಗಾಸೂ ಇಲ್ಲ. ಹಾಡನ್ನ ಪ್ರೀತಿಸಿದರು, ಸುಳ್ಳಲ್ಲ. ಆದರೆ ಹೆಸರಿನ ಮೇಲೆ ಕಾಗದ ಅಂಟಿಸಿದರು.

ಇದನ್ನ ಓದಿ ಮೊದಲು ಸಿಟ್ಟು ಬಂತು. ಆಮೇಲೆ ನಾಚಿಕೆ. ಹೋದ ಏಪ್ರಿಲ್‌ನಲ್ಲಿ ನಮ್ಮ ಅಂಬೇಡ್ಕರ್ ಜಯಂತಿಯ ಕರಪತ್ರ ಬರೆದವನು ನಾನೇ. ಭಾಷಣಕಾರರ ಹೆಸರು, ಡಿಗ್ರಿ, ಹುದ್ದೆ ಎಲ್ಲ ಹಾಕಿದೆ. ಇಪ್ಪತ್ತು ವರ್ಷದಿಂದ ಪ್ರತಿ ಸಭೆಯಲ್ಲೂ ಗಂಟಲು ಹರಿಯೋ ಹಾಗೆ ಹಾಡುವ ನಮ್ಮ ಕೇರಿಯ ಅಕ್ಕನಿಗೆ ಮಾತ್ರ 'ಹೋರಾಟದ ಹಾಡುಗಳು: ತಂಡದಿಂದ'. ಕಾರ್ಯಕ್ರಮ ಮುಗಿದ ಮೇಲೆ ಅಕ್ಕ ಕೇಳಿದ್ರು, "ತಮ್ಮಾ, ನಂಗೆ ಹೆಸ್ರಿಲ್ವೇನಪ್ಪಾ?" ಜಾಗ ಸಾಲಲಿಲ್ಲಕ್ಕಾ ಅಂದೆ. ಸುಳ್ಳು. ನೆನಪೇ ಆಗಿರಲಿಲ್ಲ.

ಆಫೀಸಿನಲ್ಲಿ ನಾನು ಬರೆದ ಟಿಪ್ಪಣಿಗೆ ಸಾಹೇಬರ ಸಹಿ ಬಿದ್ದು, ಅವರಿಗೆ ಶಭಾಸ್ ಸಿಕ್ಕಾಗ ಉರ್ಕೊಳ್ಳೋನು ನಾನು. ಅಕ್ಕನಿಗೆ ನಾನು ಮಾಡಿದ್ದೂ ಅದನ್ನೇ.

ಈ ಪೋಸ್ಟಿನಲ್ಲಿ ಹೆಸರು ಹಾಕ್ಲಾ ಅಂತ ನಿನ್ನೆ ಫೋನ್ ಮಾಡಿದೆ. "ಮೊಬೈಲಲ್ಲಿ ಯಾರ್ ನೋಡ್ತಾರೆ? ಗೋಡೆ ಮೇಲೆ ಅಂಟ್ಸೋದ್ರಲ್ಲಿ ಹಾಕು" ಅಂದ್ರು. ಮುಂದಿನ ಜಯಂತಿಯ ಪೋಸ್ಟರಿನಲ್ಲಿ ಮೊದಲ ಸಾಲು ಅಕ್ಕನದೇ, ದೊಡ್ಡಕ್ಷರದಲ್ಲಿ. ನಿಮ್ಮೂರಿನ ಕರಪತ್ರಗಳನ್ನೂ ಒಮ್ಮೆ ತೆಗೆದು ನೋಡಿ.

ಜೈಭೀಮ್.